ಗಂಗಾವತಿಯ ದೀಪದ ಷೇರು

ಕೊಪ್ಪಳ, 12 ನವೆಂಬರ್ 1943, ಶುಕ್ರವಾರ

ಗಂಗಾವತಿಗೆ ಕರೆಂಟಿನ ದೀಪ ಹಾಕಿಸಲು ಹೊರಟಿರುವ ಕಂಪನಿಯ ಷೇರು ಕೊಳ್ಳಲೋ ಬಿಡಲೋ, ಇಂದೂ ತೀರ್ಮಾನವಾಗಲಿಲ್ಲ. ಇರುವುದು ಮೇಷ್ಟರ ಸಂಬಳದಲ್ಲಿ ಹನ್ನೆರಡು ವರ್ಷ ಉಳಿಸಿದ ಗಂಟು. "ಊರಿಗೆ ದೀಪ ಆಮ್ಯಾಲೆ ಹತ್ಲಿ, ಮೊದ್ಲ ನಮಗೊಂದು ಮನಿ ಆಗ್ಲಿ" ಎಂದು ಹೆಂಡತಿ ಕಳಕಮ್ಮ ಬೆಳಗ್ಗೆಯೇ ಹೇಳಿದ್ದಳು.

ನಿಜಾಮರ ಸೀಮೆಯಲ್ಲಿ ಶುಕ್ರವಾರವೇ ಶಾಲೆಗೆ ವಾರದ ರಜೆ, ಗಂಗಾವತಿಗೆ ಹೋಗಿಯೇಬಿಟ್ಟೆ. ಕಂಪನಿಯ ಶೆಡ್ಡಿನಲ್ಲಿ ಕರೆಂಟು ಹುಟ್ಟಿಸುವ ಎಂಜಿನ್ ಕೆಟ್ಟು ನಿಂತಿತ್ತು. ಕಂಪನಿ ಕಟ್ಟಿದ ಪಂಪಣ್ಣ, ನನ್ನ ಹಳೆಯ ವಿದ್ಯಾರ್ಥಿ, ಮೈಯೆಲ್ಲ ಎಣ್ಣೆ ಮಾಡಿಕೊಂಡು ಅದರ ಕೆಳಗೆ ಮಲಗಿದ್ದ. ಷೇರಿನ ಮಾತೆತ್ತಿದೊಡನೆ ಎದ್ದು ಕೂತ.

"ಬ್ಯಾಡ್ರಿ ಮಾಸ್ತರ. ಯುದ್ಧ ಮುಗಿಯೋತನಕ ವಿಲಾಯಿತಿ ಸಾಮಾನು ಬರೂದಿಲ್ಲ. ಮುರಿದ ಭಾಗಾನ ಹುಬ್ಬಳ್ಯಾಗ ಎರಕ ಹೊಯ್ಸಿದ್ರೂ ಕೂಡ್ತೈತೋ ಇಲ್ಲೋ. ನಿಮ್ಮ ರೊಕ್ಕ ಮುಳುಗಿದ್ರ ನಾ ಹೆಂಗ ಮಾರಿ ತೋರಿಸ್ಲಿ?"

ಕೊಳ್ಳಿರೆಂದು ಗಂಟುಬಿದ್ದಿದ್ದರೆ ಒಲ್ಲೆನೆಂದು ಬಂದುಬಿಡುತ್ತಿದ್ದೆ. ಬೇಡವೆಂದದ್ದೇ ಈಗ ನಿದ್ದೆಗೆಡಿಸಿದೆ.

ಊಟಕ್ಕೆ ಕೂತಾಗ ಕಳಕಮ್ಮನಿಗೆ ಎಲ್ಲ ಹೇಳಿದೆ. ಪೀಡೆ ಕಳೆಯಿತು ಎನ್ನುತ್ತಾಳೆಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಆ ಎರಕ ಹೊಯ್ಸಾಕ ಎಷ್ಟು ಬೇಕಂತ್ರಿ?" ಎಂದಳು.

ಅದನ್ನು ನಾನು ಕೇಳಿಯೇ ಇರಲಿಲ್ಲ. ಮುಂದಿನ ರಜೆಗೆ ಇನ್ನೂ ಏಳು ದಿನ. ಅಷ್ಟರೊಳಗೆ ಪಂಪಣ್ಣನಿಗೆ ಒಂದು ಕಾಗದವನ್ನಾದರೂ ಬರೆದು ಕೇಳಿದರೆ...