ಕುಂದುಗಳ ಸಮೇತ ಮಾರಾಟಕ್ಕಿದೆ

ಮಾರ್ಚ್ 2, ಭಾನುವಾರ. ಬೆಳಿಗ್ಗೆ

ಎಂದಿನಂತೆ ಗಾಡಿ ಸ್ಟಾರ್ಟ್ ಮಾಡಿ, ಚಹಾ ಕುದಿಯುವಷ್ಟು ಹೊತ್ತು ಹಾಗೇ ಬಿಟ್ಟೆ. ಎಂದಿನಂತೆ ಸೊಸೈಟಿ ಸೆಕ್ರೆಟರಿ ಮಹೇಶಕುಮಾರ ಬಾಲ್ಕನಿಯಿಂದ ಕೆಮ್ಮಿದ. ಹೊಗೆ ಬರುತ್ತದಂತೆ. ಎದುರಿನ ಪ್ಲಾಟಿನಿಂದ ವರ್ಷಗಟ್ಟಲೆ ಸಿಮೆಂಟು ಧೂಳು ಬಂದಾಗ ಈತನ ಗಂಟಲು ಎಲ್ಲಿತ್ತು? ನಮ್ಮ ಈ ಕೊಂಢವಾ ಬಡಾವಣೆಯಲ್ಲಿ ಹೊಲ ಇದ್ದದ್ದು ನನಗೆ ನೆನಪಿದೆ. ಅವನಿಗೆ ಪಾರ್ಕಿಂಗಿನ ಬಿಳಿ ಗೆರೆ ಮಾತ್ರ.

ಯುಗಾದಿಯೊಳಗೆ ಗಾಡಿ ತೆಗೆಯದಿದ್ದರೆ ಎತ್ತಿಸುತ್ತಾರಂತೆ. ನೋಟಿಸು ಬಂದಿದೆ.

ತೆಗೆಯುತ್ತೇನೆ. ನೋಟಿಸಿಗೆ ಹೆದರಿ ಅಲ್ಲ. ಶಿವಗಂಗಾಳ ಮೊಣಕಾಲು...

ಶಾಲೆಯೊಂದರ ಹಳೆಯ ಮಿನಿಬಸ್ಸು. ನಾನು, ಶಿವಗಂಗಾ, ಗಂಡ ಹೆಂಡತಿ ಸೇರಿ ಮನೆಗಾಡಿ ಮಾಡಿದ್ದು. ಮಂಚ, ನೀರಿನ ಟಾಕಿ, ಸೋಲಾರ್. ಅಡುಗೆಮನೆ ಹಿಂದಿನ ಬಾಗಿಲ ಹತ್ತಿರ, ನೆಲದ ಮೇಲೆ. ಅದು ಆಕೆಯ ಹಟ. ರೊಟ್ಟಿ ಕೂತೇ ಬಡಿಯಬೇಕು, ನಿಂತು ಬಡಿದದ್ದು ಹೋಟೆಲ್ ರೊಟ್ಟಿ. ಈಗ ಡಾಕ್ಟರು ನೆಲಕ್ಕೆ ಕೂರಲೇಬೇಡಿ ಎಂದಿದ್ದಾರೆ. ಒಲೆ ಎತ್ತರಿಸುತ್ತೇನೆ ಎಂದೆ.

"ಕಟ್ಟಿ ಕಟ್ಟಿದ್ರ ಕಿಡಕಿ ಮುಚ್ಚತದ, ಗಾಳಿ ಹೋಗತದ. ಬ್ಯಾರೆ ಯಾರದೋ ಗಾಡಿ ಆಗತದ. ಮಾರಿಬಿಡ್ರಿ."

ಅಂದಿನಿಂದ ಆಕೆ ಗಾಡಿಯ ಹತ್ತಿರ ಸುಳಿದಿಲ್ಲ.

ಆಗಲಿ. ಆದರೆ ಗುಜರಿಗೆ ಕೊಡುವುದಿಲ್ಲ. ಕೈಗೆ ಗ್ರೀಸು ಹತ್ತಿಸಿಕೊಂಡು ಓಡಿಸುವವರಿಗೆ ಮಾತ್ರ.

ಮಾರ್ಚ್ 5

ಆನ್‌ಲೈನ್ ಜಾಹೀರಾತು ಹಾಕಿದೆ. ಎಲ್ಲರೂ "ಉತ್ತಮ ಸ್ಥಿತಿ" ಎಂದೇ ಬರೆಯುವ ದೇಶದಲ್ಲಿ ಒಬ್ಬನಾದರೂ ನಿಜ ಬರೆಯಬೇಕಲ್ಲ. ಬರೆದೆ — ಎರಡನೇ ಗೇರು ಒದ್ದಾಡುತ್ತದೆ. ಎಡಗಡೆ ಕಿಟಕಿ ಮಳೆಗೆ ಸೋರುತ್ತದೆ. ಹಾರ್ನು ತನ್ನ ಮನಸ್ಸಿಗೆ ಬಂದಾಗ ಕೂಗುತ್ತದೆ. ಅಡುಗೆಮನೆ ನೆಲದ ಮೇಲಿದೆ, ಕೂರಲಾಗದವರಿಗೆ ನಿರುಪಯೋಗಿ. ರಿಪೇರಿ ಸ್ವತಃ ಮಾಡಿಕೊಳ್ಳುವವರು ಮಾತ್ರ ಫೋನ್ ಮಾಡಿ.

ಶಿವಗಂಗಾ ಓದಿದಳು. "ಗಾಡಿ ಮಾರಾಕ ಹಾಕೀರೋ, ದಿನಾ ಬರದಂಗ ಗಾಡಿ ಮ್ಯಾಲೂ ಪೇಪರಿಗೆ ತಕರಾರು ಬರದೀರೋ?"

ಮಾರ್ಚ್ 9, ಭಾನುವಾರ

ಕ್ಯಾಂಪ್ ಪೇಟೆಯಿಂದ ಸ್ನೇಹಲ್ ಎಂಬ ಹುಡುಗಿ ಗಾಡಿ ನೋಡಲು ಬಂದಿದ್ದಳು. ಕೆಫೆ ತೆಗೆಯುತ್ತಾಳಂತೆ.

"ಚಕ್ರ ತಗದು ಇಟ್ಟಂಗಿ ಮ್ಯಾಲೆ ಕೂಡಸ್ತೀನ್ರಿ ಅಂಕಲ್. ಫುಲ್ ಪಿಂಕ್. ಮಂದಿ ಬಂದು ಫೋಟೋ ತಗಸ್ಕೋತಾರ."

"ಎಂಜಿನ್?"

"ಅದು ಸ್ಕ್ರ್ಯಾಪ್‌ರಿ."

ಕೇಳಿದ್ದಕ್ಕಿಂತ ಹೆಚ್ಚು ಕೊಡಲು ತಯಾರು. ಚಹಾ ಕುಡಿಸಿ ಕಳಿಸಿದೆ. ಈ ಊರು ಹೀಗೆಯೇ. ಮೊದಲು ಸೈಕಲ್ಲುಗಳನ್ನು ರಸ್ತೆಯಿಂದ ಓಡಿಸಿತು, ಆಮೇಲೆ ಅವನ್ನೇ ಹೋಟೆಲ್ ಗೋಡೆಗೆ ಅಲಂಕಾರಕ್ಕೆ ತೂಗುಹಾಕಿತು.

ಮಾರ್ಚ್ 22, ಶನಿವಾರ. ಸಂಜೆ

ಎರಡು ವಾರ ಒಂದು ಫೋನೂ ಇಲ್ಲ. ಇವತ್ತು — ಬಂದೇಬಿಟ್ಟರು. ಕ್ರಮವಾಗಿ ಬರೆಯಬೇಕು.

ಹುಲಿಗೆವ್ವ, ಆಕೆಯ ಗಂಡ ಅಂಬಣ್ಣ. ಯಾದಗಿರಿ ಕಡೆಯವರು. ಕಟ್ಟಡಗಳ ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸ. ಹೊಸ ಸೈಟು ಸಾಸವಡದಲ್ಲಿ.

"ಸೈಟ್ ಬದಲಾದಾಗೆಲ್ಲ ತಗಡಿನ ಪತ್ರಾ ಶೆಡ್ ಬಿಚ್ಚೂದು, ಕಟ್ಟೂದು. ಸಾಕಾಗೇದ್ರಿ ಕಾಕಾ. ಇನ್ನ ಮನೀನ ಸ್ಟಾರ್ಟ್ ಮಾಡಿ ಹೊಂಟುಬಿಡತೀವಿ" ಎಂದಳು.

ಅಂಬಣ್ಣ ಗಾಡಿಯ ಕೆಳಗೆ ತೂರಿದ. ಯಾವುದೋ ಪೈಪು ಎಳೆದ. ಟಾಕಿಯ ನೀರೆಲ್ಲ ಮೈಮೇಲೆ. ಒದ್ದೆ ಮುಖ ಹೊರಗೆ ಹಾಕಿ, "ಜಾಹೀರಾತಿನ್ಯಾಗ ಇದೊಂದು ಬರದಿಲ್ಲಲ್ರಿ."

"ಜಳಕ ಆತಿಲ್ಲ, ಸುಮ್ಮಕಿರು" ಎಂದು ಹುಲಿಗೆವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತೇಬಿಟ್ಟಳು. "ಎಂಜಿನ್ ನೀ ನೋಡು. ನಾ ರೊಟ್ಟಿ ಬಡದು ನೋಡತೀನಿ. ಕಾಕಾ, ಹಿಟ್ಟು ಅದನ್ರಿ?"

ಮೇಲಿನಿಂದ ಜೋಳದ ಹಿಟ್ಟು, ಬಿಸಿನೀರು ತಂದುಕೊಟ್ಟೆ. ಪಾರ್ಕಿಂಗಿನಲ್ಲಿ ತಟ ತಟ ಸದ್ದು ಎದ್ದಿತು. ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು. ಶಿವಗಂಗಾ. ನೆಟ್ಟಗೆ ಗಾಡಿಯ ಹಿಂದಿನ ಬಾಗಿಲಿಗೇ ಬಂದು ನಿಂತಳು.

"ಹಿಟ್ಟು ಇನ್ನೊಂದೀಟು ನಾದಬೇಕಿತ್ತು, ತಂಗಿ. ಅಂಚು ಸೀಳತದ."

"ನೀವ ಬಡದು ತೋರಸ್ರಿ, ಅವ್ವಾ." ಹುಲಿಗೆವ್ವ ಹಿಟ್ಟಿನ ಪರಾತವನ್ನು ಬಾಗಿಲಂಚಿಗೆ ಸರಿಸಿದಳು.

ಶಿವಗಂಗಾ ಸೆರಗು ಸಿಗಿಸಿ, ಹೊರಗೆ ನಿಂತಲ್ಲಿಂದಲೇ ಶುರುಮಾಡಿದಳು. ನಾಲ್ಕು ಬಡಿತ ಆದಮೇಲೆ ನಮಗೆಲ್ಲ ಕಂಡಿತು. ಬಸ್ಸಿನ ನೆಲ ಆಕೆಯ ಸೊಂಟಕ್ಕೆ ಸರಿಯಾಗಿದೆ. ಒಲೆ ಕೈಯಳತೆಯಲ್ಲಿದೆ. ಮೊಣಕಾಲು ಮಡಚುವ ಮಾತೇ ಇಲ್ಲ. ನಾವಿಬ್ಬರೂ ಒಳಗಿನಿಂದಷ್ಟೇ ನೋಡಿದ್ದೆವು.

"ನಿಂತು ಬಡದದ್ದು ಹೋಟೆಲ್ ರೊಟ್ಟಿ ಅಂತಿದ್ದಿ" ಎಂದೆ.

"ತಿಂದು ಮಾತಾಡ್ರಿ."

ಪಾರ್ಕಿಂಗಿನಲ್ಲಿ ಗ್ಯಾಸ್ ಹಚ್ಚುವಂತಿಲ್ಲ ಎನ್ನುತ್ತ ಮಹೇಶಕುಮಾರ ಇಳಿದು ಬಂದ. ಅವನ ಕೈಗೂ ಒಂದು ರೊಟ್ಟಿ, ಶೇಂಗಾ ಚಟ್ನಿ. ಅಗಿಯುತ್ತ ಹೋದ. ಅದೇ ಬಾಯಿಯಲ್ಲಿ ತಕರಾರು ಹೇಳಲಿಕ್ಕಾಗಲಿಲ್ಲ.

ಅವರು ಹೊರಡುವಾಗ ಗಾಡಿ ನಿಮ್ಮದೇ ಎಂದುಬಿಟ್ಟೆ. ಮೆಟ್ಟಿಲು ಹತ್ತುವಾಗ ಹೊಳೆಯಿತು, ಮಾರಲು ಇದ್ದ ಕಾರಣವೇ ಈಗ ಉಳಿದಿಲ್ಲವಲ್ಲ.

ಮಾರ್ಚ್ 23

ಬೆಳಿಗ್ಗೆ ಹೇಳಿಯೇಬಿಟ್ಟೆ. "ಇನ್ನ ನಿನಗೂ ನಡೀತದಲ್ಲ. ಮಾರೂದು ಬ್ಯಾಡೇನು?"

ತಿರುಗಿಯೂ ನೋಡಲಿಲ್ಲ. "ಊರ ಮಂದಿ ಮಾತು ತಪ್ಪಿದ್ರ ಪೇಪರಿಗೆ ಬರೀತೀರಿ. ಈಗ ನಿಮ್ಮ ಮ್ಯಾಲೆ ಯಾರು ಬರೀಬೇಕು? ನಾವು ವರ್ಷಕ್ಕ ಎರಡು ಸಲ ಹೋಗವರು. ಆಕಿ ದಿನಾ ಅದರಾಗ ಇರಾಕಿ."

ಚಹಾ ಸೋಸಿ ಕೊಡುತ್ತ, "ಖರೆ, ಒಮ್ಮಿನೂ ಹಂಗ ನಿಂತು ಬಯಲಾಗ ಅಡಗಿ ಮಾಡಲಿಲ್ಲ ನೋಡ್ರಿ."

ಫೋನ್ ಎತ್ತಿದೆ. ಹುಲಿಗೆವ್ವನಿಗೆ ಒಂದೇ ಕರಾರು ಹೇಳಿದೆ. ಮೊದಲ ಪ್ರಯಾಣಕ್ಕೆ ನಾವೂ ಬರುತ್ತೇವೆ.

"ಅವ್ವ ಬಂದ್ರ ಸಾಕು" ಎಂದಳು. "ನೀವು ಬೇಕಾದ್ರ ಬರ್ರಿ."

ಮಾರ್ಚ್ 30, ಭಾನುವಾರ. ಯುಗಾದಿ

ಕಾಗದಪತ್ರ ಎಲ್ಲ ಮುಗಿದಿದೆ. ಅಂಬಣ್ಣ ಎರಡನೇ ಗೇರು ಸರಿಮಾಡಿದ್ದಾನೆ, ಈಗ ಮೂರನೆಯದು ಒದ್ದಾಡುತ್ತಿದೆ. ಹುಲಿಗೆವ್ವ ಕನ್ನಡಿಗೆ ಬೇವು, ಸಕ್ಕರೆ ಸರ ಕಟ್ಟಿದ್ದಾಳೆ. ಸಾಸವಡದ ದಾರಿಯಲ್ಲಿ ದಿವೆ ಘಾಟ್ ಹತ್ತಿ ಮೇಲೆ ಎಲ್ಲಾದರೂ ನಿಲ್ಲಿಸಿ ಊಟ. ಶಿವಗಂಗಾ ಆಗಲೇ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹಿಟ್ಟಿನ ಡಬ್ಬಿ.

ನಾನು ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಜಾಹೀರಾತು ಇನ್ನೂ ಹಾಗೇ ಇದೆ. ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಿ ಎಂದು ಎಷ್ಟು ಸಂಪಾದಕರ ಜೀವ ತಿಂದಿದ್ದೇನೆ. ನನ್ನದನ್ನು ನಾನೇ ತಿದ್ದಬೇಕು.

ಹಾರ್ನು ಕೂಗುತ್ತಿದೆ. ತಾನಾಗಿಯೋ, ಶಿವಗಂಗಾ ಒತ್ತಿದಳೋ.

ತಿದ್ದುಪಡಿ: ಅಡುಗೆಮನೆ ನೆಲದ ಮೇಲಿದೆ. ಹಿಂದಿನ ಬಾಗಿಲು ತೆರೆದು ಹೊರಗೆ ನಿಂತರೆ —