ಪಿಯಾನೋ ಒಳಗಿನ ಬೆಣ್ಣೆ ಕುರಿಮರಿ

ಬಫಲೋ
ಶುಕ್ರವಾರ, 23 ಮಾರ್ಚ್ 2012

ಅಕ್ಕ ಬ್ರೋನ್ಯಾ,

ಪಿಯಾನೋ ಅಂತೂ ಮೇಲೆ ಬಂತು. ಹದಿನೇಳು ಮೆಟ್ಲು, ನಾಕು ಜನ, ಎರಡು ಹಗ್ಗ, ನನ್ನದೊಂದು ಸೊಂಟ. ಸೊಂಟ ಮಾತ್ರ ಇನ್ನೂ ಕೆಳಗೇ ಉಳ್ಕೊಂಡಿದೆ. ಮೂವತ್ತೈದು ವರ್ಷದಿಂದ ಈ ಊರಿನ ಪಿಯಾನೋ ಎಲ್ಲಾ ಹೊತ್ತಿದೀನಿ, ಅತ್ತೆ ಮನೆಯಿಂದ ಸೊಸೆ ಮನೆಗೆ, ಸತ್ತೋರ ಮನೆಯಿಂದ ಹರಾಜಿಗೆ. ಆದ್ರೆ ನಮ್ಮ ಚರ್ಚಿನ ನೆಲಮಾಳಿಗೆಯ ಆ ಕಂದು ಪಿಯಾನೋ ಹೊತ್ತಾಗ ಆದಷ್ಟು ಹೇಸಿಗೆ ಯಾವತ್ತೂ ಆಗಿರ್ಲಿಲ್ಲ. ಭಾರಕ್ಕಲ್ಲ ಅಕ್ಕ. ಯಾರಿಗೋಸ್ಕರ ಹೊರ್ತಾ ಇದೀನಿ ಅನ್ನೋದಕ್ಕೆ.

ನೀನು ಕಾಗದದಲ್ಲಿ ಕೇಳಿರೋದು ಒಂದೇ ಮಾತು. ಎಡ್ಡಿ ವೇದಿಕೆ ಮೇಲೆ ನಿನ್ನ ಹೆಸರು ಹೇಳಿದ್ನಾ, ಇಲ್ವಾ. ಹೌದು ಅಂತಾದ್ರೂ ಬರಿ, ಇಲ್ಲ ಅಂತಾದ್ರೂ ಬರಿ, ನಿನ್ನ ತಮಾಷೆ ಬೇಡ ಅಂದಿದೀಯ. ಈಸ್ಟರ್ ಭಾನುವಾರ ಟೀವೀಲಿ ತೋರಿಸ್ತಾರೆ, ವೃದ್ಧಾಶ್ರಮದ ಹೆಂಗಸರನ್ನೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ನೋಡ್ತೀನಿ ಅಂತ ಬೇರೆ ಬರ್ದಿದೀಯ. ಮೂಗಿಗೆ ಉಸಿರಿನ ಕೊಳವೆ ಹಾಕ್ಕೊಂಡು ಅರಿಜೋನಾದಲ್ಲಿ ಕೂತಿರೋಳು, ಲೋಕವೆಲ್ಲ ಕುಣಿಸೋ ಆ ಎಡ್ಡಿ ರೆನ್‌ಗೆ ಪಿಯಾನೋ ಕಲಿಸಿದ್ದು ನಾನೇ ಅಂತ ಕಂಡಕಂಡೋರಿಗೆಲ್ಲ ಹೇಳ್ಕೊಂಡಿದೀಯ. ಹೇಳ್ತೀನಿ, ಸ್ವಲ್ಪ ತಡಿ. ಅವತ್ತು ಮೈಕು ಅಷ್ಟು ಸರಿ ಇರ್ಲಿಲ್ಲ, ನಾನೂ ಪರದೆ ಹಿಂದೆ ಇದ್ದೆ, ಎಲ್ಲಾ ಮಾತೂ ಕಿವಿಗೆ ಬೀಳ್ಲಿಲ್ಲ. ಮೊದ್ಲಿಂದ ಬರೀತೀನಿ.

ಊರಿನ ಹಳೇ ಥಿಯೇಟರಿಗೆ ಬಣ್ಣ ಹೊಡೆದು ಅವನ ಹೆಸರಿಟ್ಟಿದಾರಲ್ಲ, ಅದರ ಬಾಗಿಲ ಹತ್ರ ಅವನ ಬಾಲ್ಯ ಅಂತ ಒಂದು ಕೋಣೆ ಮಾಡಿದಾರೆ. ಅವನು ಹುಟ್ಟಿದ ಮನೆ ಕೆಡವಿ ಇಪ್ಪತ್ತು ವರ್ಷ ಆಯ್ತು, ಆದ್ರೂ ಅವರಮ್ಮನ ಅಡುಗೆಮನೆ ಅಲ್ಲಿದೆ. ಆಯಮ್ಮ ಹೆಂಗೆ ಫಳಫಳ ಇಟ್ಕೊಂಡಿದ್ರು, ನೆಲದ ಮೇಲೇ ತಟ್ಟೆ ಇಲ್ಲದೆ ಊಟ ಮಾಡ್ಬೋದಿತ್ತು. ಇಲ್ಲಿ ಒಡೆದ ಬಟ್ಟಲು, ತೂತು ಬಿದ್ದ ಪರದೆ. ಬಡತನ ಸಾಕಾಗ್ಲಿಲ್ಲ ಅಂತ ಅಂಗಡಿಯಿಂದ ತರಿಸಿದಾರೆ.

ಪಿಯಾನೋ ಇಟ್ವಿ. ಟೀವಿಯವರ ಕಡೆ ಹುಡುಗಿ ಒಬ್ಳು ಬಂದು ಸುತ್ತು ಹಾಕಿ ನೋಡಿದ್ಲು. ತುಂಬಾ ಚೆನ್ನಾಗಿದೆಯಲ್ಲ ಅಂದ್ಲು, ಬೇಜಾರಲ್ಲಿ. ಆಮೇಲೆ ಒಂದು ಡಬ್ಬಿ ತೆಗೆದು, ಮುಖಕ್ಕೆ ಪೌಡರ್ ಹಾಕೋ ಬ್ರಷ್‌ನಲ್ಲಿ ಅದರ ಮೇಲೆ ಧೂಳು ಉಗ್ಗಿದ್ಲು ಅಕ್ಕ! ಧೂಳಿನ ಡಬ್ಬಿ! ನೀನು ಶನಿವಾರ ಶನಿವಾರ ನಿನ್ನ ಹಳೇ ಲಂಗದ ತುಂಡಲ್ಲಿ ಒರೆಸ್ತಿದ್ದ ಪಿಯಾನೋಗೆ. ಅಮ್ಮಣ್ಣಿ, ನಮ್ಮ ಮನೆ ಮಂಚದ ಕೆಳಗೆ ಒಳ್ಳೇ ಮಾಲು ಇದೆ, ಬೇಕಾದ್ರೆ ತಂದ್ಕೊಡ್ತೀನಿ ಅಂದೆ. ಅವಳು ನಗ್ಲಿಲ್ಲ. ಆ ಜನಕ್ಕೆ ನಗು ಬರಲ್ಲ.

ರಿಪೇರಿಯವನು ಮುಂದಿನ ಹಲಗೆ ಬಿಚ್ಚಿದ. ಒಳಗಿಂದ ಬಂತು ನೋಡು ನಾತ, ಎಲ್ಲಾರೂ ಮೂಗು ಮುಚ್ಕೊಂಡ್ರು. ಇಲಿ ಸತ್ತಿರ್ಬೇಕು ಅಂತ ಆ ಹುಡುಗಿಗೆ ಹೇಳ್ದೆ. ಅದೇನು ಅಂತ ನಿಂಗೆ ಗೊತ್ತು. ಅರವತ್ತಾರನೇ ಇಸವಿ ಈಸ್ಟರಿನ ಬೆಣ್ಣೆ ಕುರಿಮರಿ, ಬೆಣ್ಣೇನ ಅಚ್ಚಲ್ಲಿ ಒತ್ತಿ ಮಾಡಿದ ಪುಟ್ಟ ಬೊಂಬೆ. ಹಬ್ಬದ ಊಟದ ಬುಟ್ಟೀಲಿ ಇಡೋಕೆ ಅಂತ ಚರ್ಚಲ್ಲಿ ಮಾರೋಕಿಟ್ಟಿದ್ದನ್ನ ಕದ್ದು ಪಿಯಾನೋ ಒಳಗೆ ಬಚ್ಚಿಟ್ಟಿದ್ದು, ಹಿಂದಿನ ಬಿಸಿನೀರಿನ ಕೊಳವೆ ಕಾದು ಬೆಣ್ಣೆ ಕರಗಿ ಇಳಿದಿದ್ದು, ಸೌಟು ಹಾಕಿ ಬಗೆಯೋಕೆ ಹೋಗಿ ಒಳಗೆ ತಂತಿಗೆ ಬಡಿಯೋ ಪುಟ್ಟ ಸುತ್ತಿಗೆ ಒಂದು ಮುರಿದಿದ್ದು. ಅವತ್ತಿಂದ ಆ ಒಂದು ಬಿಳಿ ಕೀ ಒತ್ತಿದ್ರೆ ಠಕ್ ಅನ್ನತ್ತೆ ಅಷ್ಟೆ, ಸದ್ದಿಲ್ಲ. ಎಡ್ಡಿಗೆ ನೀನು ಮರದ ರೂಲರ್‌ನಲ್ಲಿ ಅಂಗೈಗೆ ಹನ್ನೆರಡು ಏಟು ಕೊಟ್ಟೆ. ಬೇಕಿತ್ತು ಆ ಮುಂಡೇದಕ್ಕೆ.

ಕೀರ್ತನೆಗೆ ಅಷ್ಟು ಸಾಕು ಅಂತ ಫಾದರ್ ರಿಪೇರಿ ಮಾಡಿಸ್ಲೇ ಇಲ್ಲ. ಕೀ ಸತ್ತಿದೆ, ಹೆಂಗೆ ನುಡಿಸ್ಲಿ ಅಂತ ಎಡ್ಡಿ ಅತ್ತಾಗ ನೀನು ಏನಂದೆ ನೆನಪಿದೆಯಾ? ದಾರೀಲಿ ಗುಂಡಿ ಇದ್ರೆ ಅಲ್ಲೇ ಕೂತ್ಕೊಂಡು ಅಳ್ತಾರೇನೋ, ಹಾರು ಅಂದೆ. ಅವನು ಹಾರಿದ. ಆರು ವರ್ಷ, ಶನಿವಾರ ತಪ್ಪದೆ, ನಿನ್ನ ಪಕ್ಕ ಕೂತು ಹಾರೋದು ಕಲ್ತ. ಓಡ್ತಾ ಓಡ್ತಾ ಬಂದು ಅಲ್ಲಿ ಒಂದು ಹೆಜ್ಜೆ ಬಿಟ್ಟು ಹಾರೋದು, ಕೇಳೋರ ಉಸಿರು ಒಂದು ಗಳಿಗೆ ಸಿಕ್ಕಿಹಾಕ್ಕೊಳೋದು.

ಮಿಕ್ಕಿದ್ದು ಲೋಕಕ್ಕೇ ಗೊತ್ತು. ಮದುವೆ ಹಾಲ್‌ಗಳಲ್ಲಿ ಅಕಾರ್ಡಿಯನ್ ಮುದುಕರ ಜೊತೆ ಬಾರಿಸ್ತಿದ್ದವನು ಹತ್ತೊಂಬತ್ತಕ್ಕೆ ನ್ಯೂಯಾರ್ಕ್ ಬಸ್ ಹತ್ತಿದ. ನೀನು ಆರು ಬೇಯಿಸಿದ ಮೊಟ್ಟೆ ಕಟ್ಕೊಟ್ಟೆ. ಅಲ್ಲಿ ಹೋಗಿ ಮೊದ್ಲು ಮಾಡಿದ ಕೆಲ್ಸ ಹೆಸರು ಬದಲಾಯಿಸಿದ್ದು. ಅವರಪ್ಪನ ಮನೆ ಹೆಸರು ವ್ರೋನಾ, ನಮ್ಮ ಹಿರೀಕರ ಪೋಲಿಷ್ ಮಾತಲ್ಲಿ ಕಾಗೆ. ಇವನು ಗುಬ್ಬಿಯಂಥ ಹಾಡೋ ಹಕ್ಕಿ ಹೆಸರು ಇಟ್ಕೊಂಡು ಎಡ್ಡಿ ರೆನ್ ಆದ. ಕಾಗೆ ಗುಬ್ಬಿ ಆಯ್ತು, ಮುಟ್ಟಿದ್ದೆಲ್ಲ ದುಡ್ಡಾಗಿ ಗುಬ್ಬಿ ಗೂಡು ತುಂಬ್ತು. ಮೊದಲ್ನೇ ಹಾಡಲ್ಲೇ ಆ ಹಾರೋದು ಇತ್ತು. ರೇಡಿಯೋದವರು ಇಂಥಾ ಕೈ ಎಲ್ಲೂ ಕಂಡಿಲ್ಲ ಅಂದ್ರು. ಈಗ ಜಪಾನಿನ ಮಕ್ಕಳೂ ಚೆನ್ನಾಗಿರೋ ಪಿಯಾನೋ ಮುಂದೆ ಕೂತು ಚೆನ್ನಾಗಿರೋ ಕೀ ಬಿಟ್ಟು ಹಾರೋದು ಕಲೀತಾರಂತೆ. ಕರಗಿದ ಬೆಣ್ಣೆಗೆ ಎಂಥಾ ಮರ್ಯಾದೆ ನೋಡು.

ನಂಗೂ ಆಗ ಹೆಮ್ಮೆ ಇತ್ತಕ್ಕ, ಸುಳ್ಳು ಹೇಳಲ್ಲ. ಆಮೇಲಾಮೇಲೆ ಓಕರಿಕೆ ಶುರುವಾಯ್ತು. ಚಮ್ಕಿ ಕೋಟು, ಕನ್ನಡಿ ಚೂರು ಅಂಟಿಸಿದ ಪಿಯಾನೋ. ಒಂದ್ಸಲ ಮೈದಾನದಲ್ಲಿ ಪಿಯಾನೋ ಸಮೇತ ಆಕಾಶದಿಂದ ಇಳಿದ. ಜನ ದೇವರು ಬಂದಂಗೆ ಕೈ ಎತ್ತಿದ್ರು. ನಾನು ಮಾತ್ರ ಮೇಲೆ ನೋಡ್ತಿದ್ದೆ, ಹಗ್ಗ ಹಿಡ್ಕೊಂಡು ಕತ್ತಲಲ್ಲಿ ಬೆವರ್ತಿದ್ದೋರು ಯಾರಪ್ಪ ಅಂತ. ಮೂರು ಹೆಂಡ್ತಿ ಆದ್ರು. ನಾಯಿಗೆ ವಿಮಾನದಲ್ಲಿ ಬೇರೆ ಸೀಟು. ಅವನ ಹೆಸರಿನ ಸೆಂಟು ಬಂತು, ನನ್ನ ಹೆಂಡ್ತಿ ಇರೀನ್ ಒಂದು ಶೀಷೆ ತಂದಳು. ನೆಂದ ಕಂಬಳಿ ಮೇಲೆ ಗುಲಾಬಿ ಉಜ್ಜಿದಂಗೆ. ಬಚ್ಚಲಲ್ಲಿ ಇಟ್ಟಿದೀವಿ.

ಹೋದ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಕಾರ್ಯಕ್ರಮ. ಪಿಯಾನೋನ ವೇದಿಕೆಗೆ ತಳ್ಳಿ ಪರದೆ ಹಿಂದೆ ನಿಂತಿದ್ದೆ, ಅವನೇ ಬಂದ. ಕ್ಯಾರೆಟ್ ಬಣ್ಣದ ಮುಖ, ಕೂದಲು ಯಾರದೋ. ಕೈ ಕೊಟ್ಟ. ಬೇಯಿಸಿದ ಎಲೆಕೋಸು ಹಿಡಿದಂಗಾಯ್ತು. ಬಿಟ್ಟ ತಕ್ಷಣ ಒಬ್ಳು ಒದ್ದೆ ಕಾಗದ ಕೊಟ್ಲು, ನನ್ನ ಮುಂದೆನೇ ಕೈ ಒರೆಸ್ಕೊಂಡ.

'ಲೋ ಫೆಲಿಕ್ಸ್, ಇನ್ನೂ ಭಾರ ಹೊರ್ತಿದೀಯೇನೋ?' ಅಂದ.

'ಹೊರ್ತಿದೀನಪ್ಪ. ಇವತ್ತು ನಿಂದೇ' ಅಂದೆ.

ಆಗ ನಿನ್ನ ವಿಷಯ ಕೇಳ್ದ ಅಕ್ಕ, ಅವನಾಗೇ ಕೇಳ್ದ. ಬ್ರೋನ್ಯಾ ಅಕ್ಕ ಹೇಗಿದಾರೆ, ಕೆಮ್ಮು ಇನ್ನೂ ಇದೆಯಾ, ಆ ರೂಲರ್ ಇಟ್ಕೊಂಡಿದಾರಾ ಅಂತ. ಅಂಗೈ ಎತ್ತಿ ನಂಗೆ ತೋರಿಸ್ದ. ನಾನು ಮಾತು ಬೇರೆ ಕಡೆ ತಿರುಗಿಸ್ದೆ. ಅಂದ್ರೆ ಮರೆತಿಲ್ಲ ಅವನು. ಮರೆತಿದ್ರೆ ಪಾಪ, ಮರೆತ ಅಂತ ಬಿಡ್ಬೋದಿತ್ತು.

'ಎಡ್ಡಿ, ಅವಳ ಹೆಸರು ಒಂದ್ಸಲ ಹೇಳು. ಒಂದೇ ಸಲ. ಟೀವಿ ಮುಂದೆ ಕಾಯ್ತಿರ್ತಾಳೆ' ಅಂದೆ. ನಾನು ಯಾರ ಹತ್ರಾನೂ ಏನೂ ಬೇಡ್ದೋನಲ್ಲ, ನಿಂಗೊತ್ತು. ಅವತ್ತು ಬೇಡ್ದೆ.

ಅವನು ಕೋಟಿನ ಚಮ್ಕಿ ಕೆರೀತಾ ನಿಂತ. 'ನನ್ನ ಜೀವನದ ಪುಸ್ತಕದಲ್ಲಿ ಒಂದು ಕಥೆ ಬರೆಸಿಬಿಟ್ಟಿದೀನಿ ಕಣೋ. ಜನ ಅದನ್ನ ಓದಿ ಅತ್ತಿದಾರೆ. ಈಗ ಟೀಚರ್ ಒಬ್ರನ್ನ ತಂದು ಎಲ್ಲಿ ಕೂರಿಸ್ಲಿ?'

'ನಿನ್ನ ಪಕ್ಕದಲ್ಲಿ ಕೂರ್ಸು, ಅದೇ ಸ್ಟೂಲ್ ಮೇಲೆ. ಆರು ವರ್ಷ ಅಲ್ಲೇ ಕೂತಿದ್ಲಲ್ಲ' ಅಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿ ನಕ್ಕ. 'ನಾನು ಯಾರ ಹೆಸರೂ ಹೇಳೋನಲ್ಲ ಫೆಲಿಕ್ಸ್. ನಿಂಗೇ ಗೊತ್ತಲ್ಲ' ಅಂತಂದು ಹೋದ. ಅವನ ಕೊಬ್ಬು ನೋಡು.

ಸರಿ, ಇನ್ನು ಸುತ್ತಿ ಬಳಸಿ ಬರ್ದು ಪ್ರಯೋಜನ ಇಲ್ಲ. ಮೈಕು ಚೆನ್ನಾಗೇ ಇತ್ತು. ಒಂದೊಂದು ಮಾತೂ ಕೇಳಿಸ್ತು.

ಇಲ್ಲ ಅಕ್ಕ. ಹೇಳ್ಲಿಲ್ಲ.

ಹೇಳಿದ್ದೇನು ಗೊತ್ತಾ? ಈ ಪಿಯಾನೋ ಗುಜರಿ ಅಂಗಡಿ ಹಿಂದೆ ಹಿಮದಲ್ಲಿ ಹೂತು ಬಿದ್ದಿತ್ತಂತೆ, ಹನ್ನೊಂದು ವರ್ಷದ ಇವನು ಬರಿಗೈಯಲ್ಲಿ ಹಿಮ ಬಗೆದು ತೆಗೆದನಂತೆ. ಯಾರೂ ಕಲಿಸ್ಲಿಲ್ಲ, ಚಳಿನೇ ನನ್ನ ಗುರು ಅಂದ. ಹಾರಿಸೋ ಆ ಒಂದು ಸ್ವರ ಚಿಕ್ಕಂದಿನಲ್ಲೇ ತೀರಿಹೋದ ಅಪ್ಪನಿಗೆ ಬಿಟ್ಟ ಜಾಗವಂತೆ. ಅವರಪ್ಪ ಎಂಬತ್ತೊಂದನೇ ವಯಸ್ಸಿಗೆ ಫ್ಲೋರಿಡಾದಲ್ಲಿ ಬೌಲಿಂಗ್ ಚೆಂಡು ಎಸೀತಾ ಹೋದ್ರು, ನಾವೇ ಹೂವು ಕಳಿಸಿದ್ವಿ. ಅಷ್ಟರಲ್ಲಿ ಮೇಲಿಂದ ಕಾಗದದ ಹಿಮ ಸುರಿಸಿದ್ರು. ಬಫಲೋದಲ್ಲಿ! ಮಾರ್ಚ್ ತಿಂಗಳಲ್ಲಿ! ಚಳಿಗಾಲದಲ್ಲಿ ಬಾಗಿಲು ತೆಗೆದ್ರೆ ನಿಜವಾದ್ದು ಮೊಣಕಾಲುದ್ದ ಬಿದ್ದಿರತ್ತೆ, ಪುಕ್ಕಟೆ. ಸಾವಿರ ಜನ ಅತ್ರು. ನಮ್ಮ ಇರೀನ್‌ಗೆ ಎಲ್ಲಾ ಗೊತ್ತು, ಅವಳೂ ಅತ್ಲು. ಯಾಕೇ ಅಂದ್ರೆ, ಎಲ್ಲಾರೂ ಅಳ್ತಿದ್ರಲ್ಲ ಅಂದ್ಲು.

ಆದ್ರೆ ಒಂದು ನೋಡ್ದೆ. ಹಿಂದಿನ ದಿನವೇ ರಿಪೇರಿಯವನು ಆ ಕೀಗೆ ಹೊಸ ಸುತ್ತಿಗೆ ಹಾಕಿದ್ದ. ನಾನೇ ಒತ್ತಿ ನೋಡಿದ್ದೆ, ಗಂಟೆ ಹೊಡೆದಂಗೆ ಸದ್ದು. ಎಡ್ಡಿಗೂ ಹೇಳಿದ್ರು. ಅವನು ನುಡಿಸೋಕೆ ಕೂತಾಗ ಅವನ ಬಲಗೈನೇ ನೋಡ್ತಿದ್ದೆ. ಓಡ್ತಾ ಬಂತು, ಬಂತು, ಆ ಕೀ ಹತ್ರ ಬಂದ ತಕ್ಷಣ ಹಾರ್ತು. ಮೂರು ಹಾಡಲ್ಲಿ ಹತ್ತೊಂಬತ್ತು ಸಲ ಎಣಿಸ್ದೆ, ಒಂದ್ಸಲಾನೂ ಮುಟ್ಲಿಲ್ಲ. ಬಾಯಿ ಏನು ಬೇಕಾದ್ರೂ ಬೊಗಳ್ಬೋದು, ಬೆರಳಿಗೆ ನೀನು ಹೇಳಿದ್ದು ಬಿಟ್ಟು ಬೇರೆ ಬರಲ್ಲ.

ಈಗ ಏನು ಮಾಡ್ತೀಯೋ ನಿಂಗೆ ಬಿಟ್ಟಿದ್ದು. ಟೀವಿ ಕೆಟ್ಟಿದೆ ಅಂತ ಆ ಹೆಂಗಸರಿಗೆ ಹೇಳ್ತೀಯೋ, ವೈರು ನೀನೇ ಕೀಳ್ತೀಯೋ. ನನ್ನ ಕೇಳಿದ್ರೆ, ಧ್ವನಿ ಪೂರ್ತಿ ಕಮ್ಮಿ ಮಾಡಿ ಕೈ ಮಾತ್ರ ತೋರ್ಸು. ಇಗೋ ಇಲ್ಲಿ ಹಾರ್ತಾನೆ ನೋಡಿ ಅಂತ ಹಾರೋದಕ್ಕಿಂತ ಮುಂಚೆ ನೀನೇ ಹೇಳು. ನಾಕು ಸಲ ಹೇಳಿದ್ಮೇಲೆ ಯಾರು ಕಲಿಸಿದ್ದು ಅಂತ ಆ ಮುದುಕಿಯರಿಗೆ ಬೇರೆ ಸಾಕ್ಷಿ ಬೇಕಾಗಲ್ಲ.

ಇನ್ನೂ ಬೈಯೋದು ಬೇಕಾದಷ್ಟಿತ್ತು. ಇರೀನ್ ಕೆಳಗಿಂದ ಕೂಗ್ತಿದಾಳೆ, ಇದು ಮೂರನೇ ಸಲ. ಶುಕ್ರವಾರದ ಮೀನು ಕರಿದಿಟ್ಟಿದಾಳೆ, ಆರಿದ್ರೆ ಚಪ್ಪಲಿ ಚರ್ಮ ಆಗತ್ತಂತೆ, ಇನ್ನೊಂದು ನಿಮಿಷ ಬಿಟ್ರೆ ಬೆಕ್ಕಿಗೆ ಬಡಿಸ್ತಾಳಂತೆ. ಬಂದೆ ಮಾರಾಯ್ತಿ ಅಂದೆ. ಇಳೀಬೇಕು.

ಸೊಂಟ ಮುರ್ಕೊಂಡಿರೋ ನಿನ್ನ ತಮ್ಮ,
ಫೆಲಿಕ್ಸ್

ಮರೆತಿದ್ದು: ಮೀನು ತಿಂದು ಬಂದು ಬರೀತಿದೀನಿ. ಇದರ ಜೊತೆ ಇರೋ ಪುಟ್ಟ ಪೊಟ್ಟಣ ಬಿಚ್ಚಿ ನೋಡು, ಆ ಕೀಯ ಹಳೇ ಸುತ್ತಿಗೆ ತುಂಡು. ರಿಪೇರಿಯವನು ಕಸಕ್ಕೆ ಹಾಕಿದ್ದ, ನಾನು ಜೇಬಿಗೆ ಹಾಕ್ಕೊಂಡೆ. ಮೂಸು. ನಲವತ್ತಾರು ವರ್ಷ ಆದ್ರೂ ಹಳಸಿದ ಬೆಣ್ಣೆ ನಾತ ಹೋಗಿಲ್ಲ. ಇಲಿ ಸತ್ತಿದೆ ಅಂತ ಆ ಹುಡುಗಿಗೆ ಅಂದೆನಲ್ಲ, ಆ ಇಲಿ ಬದುಕಿದೆ ಅಕ್ಕ, ನಿಂಗೆ ಕಾಗದ ಬರೀತಿದೆ. ಕುರಿಮರಿ ಕದ್ದಿದ್ದು ನಾನು, ಸೌಟು ಹಾಕಿ ಬಗೆದಿದ್ದೂ ನಾನು. ಎಡ್ಡಿ ಒರೆಸೋಕೆ ಅಂತ ಬಂದ, ಅವನ ಕೈ ಜಿಡ್ಡಾಗಿತ್ತು, ನೀನು ಅಷ್ಟು ಹೊತ್ತಿಗೆ ಬಂದೆ. ನಾನು ಬಾಗಿಲ ಹಿಂದೆ ನಿಂತು ಏಟು ಎಣಿಸ್ದೆ, ಹನ್ನೆರಡು. ಯಾರು ಮಾಡಿದ್ದು ಅಂತ ಒಂದೊಂದು ಏಟಿಗೂ ನೀನು ಕೇಳ್ದೆ. ಅವನು ಹೇಳ್ಲಿಲ್ಲ. ಇವತ್ತಿಗೂ ಹೇಳಿಲ್ಲ. ರೂಲರ್ ಬಿಸಾಕಿಲ್ಲ ತಾನೆ? ಮೇ ತಿಂಗಳಲ್ಲಿ ಬರ್ತೀನಿ.