ಹನ್ನೊಂದು ಅಪರಾಧಗಳ ಜೀಪು

ಮೋಟಾರು ವಾಹನ ಪರೀಕ್ಷಾಧಿಕಾರಿಗಳಿಗೆ,
ಮುಂಬಯಿ ಉಪನಗರ
೨೮ ಮೇ ೧೯೫೪

ಮಾನ್ಯರೇ,

ಜನವರಿ ಹದಿನೆಂಟರಂದು ತಾವು ಹೇಳಿದಿರಿ: ಜೀಪಿನ ಕೆಲಸ ಮುಗಿಸಿ, ಏನೇನು ಬದಲಾಯಿಸಿದಿರಿ ಎಂಬ ಯಾದಿ ಕೊಡಿ, ನೋಡಿ ಒಪ್ಪಿಗೆ ಕೊಡುತ್ತೇನೆ. ಮಾರ್ಚ್ ಹದಿನೈದರಂದು ಯಾದಿ ಕೊಟ್ಟೆವು. ಹದಿನೈದು ದಿನದೊಳಗೆ ಗುಡ್ಡಕ್ಕೇ ಬಂದು ನೋಡುತ್ತೇನೆ ಎಂದಿರಿ. ಬರಲಿಲ್ಲ. ಏಪ್ರಿಲ್ ಹನ್ನೆರಡರಂದು ನೆನಪು ಮಾಡಿದೆವು, ಮುಂದಿನ ವಾರ ಖಂಡಿತ ಎಂದಿರಿ. ಬರಲಿಲ್ಲ. ಮೇ ಮೂರರಂದು, ಗಾಡಿಯನ್ನೇ ಇಲ್ಲಿಗೆ ತನ್ನಿ, ಒಂದು ತಾಸಿನ ಕೆಲಸ ಎಂದಿರಿ. ಮೇ ಏಳರಂದು ತಂದೆವು. ಆ ಒಂದು ತಾಸು ಇನ್ನೂ ಮುಗಿದಿಲ್ಲ. ಮುಂದಿನ ಚಕ್ರಕ್ಕೆ ಸರಪಳಿ ಸುತ್ತಿಸಿಕೊಂಡು ನಮ್ಮ ಜೀಪು ತಮ್ಮ ಅಂಗಳದ ಬಾದಾಮಿ ಮರದ ಕೆಳಗೆ ನಿಂತು ಇಂದಿಗೆ ಇಪ್ಪತ್ತೊಂದು ದಿನ. ಬಿಡಿ ಎಂದು ನಾಲ್ಕು ಸಲ ಕೇಳಿದ್ದೇವೆ. ನಾಲ್ಕು ಸಲವೂ ಇಲ್ಲ.

ಈಗ, ಈ ಜೀಪು ಯಾವುದು ಎಂದು ತಮಗಲ್ಲ, ಈ ಪತ್ರಿಕೆಯ ಓದುಗರಿಗೆ ಹೇಳಬೇಕು. ತಮಗೆ ಗೊತ್ತಿದೆ. ಗೊತ್ತಿದ್ದೂ ಕಟ್ಟಿಹಾಕಿದ್ದೀರಿ ಎಂಬುದೇ ನನ್ನ ಸಿಟ್ಟು.

ಕಾಂದಿವಲಿ ಸ್ಟೇಷನ್ನಿನ ಪೂರ್ವಕ್ಕೆ ಮೂರು ಮೈಲಿ ನಡೆದರೆ ಗುಡ್ಡದ ಹಿಂದೆ ಕಾಳಾಖಡಕ ಎಂಬ ಕಲ್ಲುಗಣಿ. ಎಪ್ಪತ್ತೆರಡು ಮನೆ. ಮನೆ ಎಂದರೆ ತಾಡಪತ್ರಿ ಮತ್ತು ತಗಡು. ಹೆಚ್ಚಿನವರು ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ಕಲ್ಲು ಒಡೆಯುವವರು. ಮುಂಬಯಿಯ ಬಿಲ್ಡಿಂಗುಗಳ ಕೆಳಗೆ ಹೋಗುವ ಕಲ್ಲು, ತಮ್ಮ ಕಚೇರಿಯ ಮೆಟ್ಟಿಲಿನ ಕಲ್ಲು ಕೂಡ, ಅಂಥ ಗುಡ್ಡಗಳಿಂದಲೇ ಬರುತ್ತದೆ. ಕಲ್ಲು ಹೋಗಲು ಕಂತ್ರಾಟದಾರ ಇನ್ನೊಂದು ಬದಿಯಲ್ಲಿ ತಂತಿಯ ಮೇಲೆ ತೊಟ್ಟಿಲು ಓಡಿಸುತ್ತಾನೆ. ಮನುಷ್ಯರಿಗೆ ದಾರಿ ಇಲ್ಲ. ಮನುಷ್ಯರು ನಾಲೆ, ಅಂದರೆ ಗುಡ್ಡದ ಹಳ್ಳ, ದಾಟಬೇಕು. ಬೇಸಿಗೆಯಲ್ಲಿ ಅದು ಮೊಣಕಾಲೆತ್ತರದ ಬಂಡೆಗಳ ರಾಶಿ, ಮಳೆಗಾಲದಲ್ಲಿ ಸೊಂಟದ ಮಟ್ಟದ ನೀರು. ಕಳೆದ ಶ್ರಾವಣದಲ್ಲಿ ಮುದುಕ ಕಾಂತಪ್ಪನಿಗೆ ಹಾವು ಕಚ್ಚಿತು. ಬಾಜು ಎಂಬ ಹಗ್ಗದ ಮಂಚದ ಮೇಲೆ ಮಲಗಿಸಿ ನಾಲೆಯ ದಂಡೆಯವರೆಗೆ ಹೊತ್ತು ತಂದರು. ನೀರು ಇಳಿಯಲೆಂದು ಕಾದರು. ನೀರು ಇಳಿಯಿತು. ಅಷ್ಟರಲ್ಲಿ ಹೊರಬೇಕಾದ ಅವಸರ ಉಳಿದಿರಲಿಲ್ಲ.

ಆಮೇಲೆ ನಮ್ಮ ಕಲ್ಲುಕೆಲಸಗಾರರ ಸಂಘದ ಸಭೆಯಲ್ಲಿ ಒಂದೇ ಮಾತು: ನಾಲೆ ದಾಟುವ ಗಾಡಿ ಬೇಕು. ಸರಕಾರ ಸೇತುವೆ ಕಟ್ಟುವವರೆಗೆ ಕಾಯುವುದಾದರೆ ನಮ್ಮ ಮೊಮ್ಮಕ್ಕಳೂ ಮುದುಕರಾಗಿ ಹಲ್ಲು ಉದುರಿರುತ್ತದೆ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದು, ಕೈಯಿಂದ ಕೈಗೆ ಹೋಗಿ, ಕೊನೆಗೆ ಗುಜರಿಯವನ ಹಿತ್ತಲಲ್ಲಿ ಕೋಳಿಗೂಡಾಗಿದ್ದ ಒಂದು ಮಿಲಿಟರಿ ಜೀಪು ತಂದೆವು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಇರಬೇಕಾದ ಗಾಡಿ. ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಯಾರೋ ಕಳಚಿ ಮಾರಿದ್ದರು. ಅದನ್ನು ಎಬ್ಬಿಸಿ ನಿಲ್ಲಿಸಿದವನು ಚೆನ್ನಯ.

ಚೆನ್ನಯ ಮೂಲ್ಕಿ ಕಡೆಯವನು, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಸೈನ್ಯದ ಮೋಟಾರು ವರ್ಕ್‌ಶಾಪಿನಲ್ಲಿ ದುಡಿದವನು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಂದು ಭಾನುವಾರವನ್ನೂ ಬಿಡದೆ, ವಿಕ್ರೋಳಿಯಿಂದ ಲೋಕಲ್ ಹಿಡಿದು ದಾದರ್‌ನಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಬಂದು, ಮೂರು ಮೈಲಿ ನಡೆದು, ಜೀಪಿನ ಹೊಟ್ಟೆಯ ಕೆಳಗೆ ಮಲಗಿದ. ಶಾಫ್ಟು ಹುಡುಕಿ ತಂದು ಕೂಡಿಸಿದ. ನೀರು ನುಗ್ಗಬಾರದೆಂದು ಹೊಗೆಕೊಳವೆಯನ್ನೂ ಗಾಳಿ ಎಳೆಯುವ ಕೊಳವೆಯನ್ನೂ ಗಾಜಿನ ಎತ್ತರಕ್ಕೆ ಏರಿಸಿದ. ಕೆಸರು ಕಚ್ಚುವ ದಪ್ಪ ಹಲ್ಲಿನ ಟಯರು ಹಾಕಿದ. ಸಿಕ್ಕಿಕೊಂಡರೆ ಬಂಡೆಗೆ ಹಗ್ಗ ಬಿಗಿದು ತನ್ನನ್ನು ತಾನೇ ಎಳೆದುಕೊಳ್ಳಲು ಮೂತಿಗೆ ಕೈಯಿಂದ ತಿರುಗಿಸುವ ಹಗ್ಗದ ರಾಟೆ ಕೂಡಿಸಿದ. ಮನುಷ್ಯ ಕಾಲು ಚಾಚಿ ಮಲಗಲು ಜೀಪಿನ ಹಿಂಭಾಗ ಸಾಲದು. ಹದಿನೆಂಟು ಇಂಚು ಉದ್ದ ಮಾಡಿ ಸ್ಟ್ರೆಚರ್ ಇಟ್ಟ.

ಉಳಿದದ್ದು ಕಮಾನು, ಕುಲುಕು ತಡೆಯುವ ಸ್ಪ್ರಿಂಗು. ಮಿಲಿಟರಿ ಜೀಪಿನ ಕಮಾನು ಸಿಪಾಯಿಗಳಿಗಾಗಿ ಮಾಡಿದ್ದು, ಮುರಿದ ಎಲುಬಿಗಾಗಿ ಅಲ್ಲ. ಅದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಗಣಿಯ ಹೆಂಗಸು ರಾಚವ್ವ ಒಂದು ಉಪಾಯ ಹೇಳಿದಳು. ತಾನೇ ಸ್ಟ್ರೆಚರಿನಲ್ಲಿ ಮಲಗಿ, ಹೊಟ್ಟೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡು, ನಾಲೆ ದಾಟಿಸಿರಿ ಎಂದಳು. ಮೊದಲ ಭಾನುವಾರ ಆಚೆ ದಂಡೆಯಲ್ಲಿ ಪೂರ್ತಿ ತೊಯ್ದು ಎದ್ದು ಕೂತು ಕೇಳಿದಳು: "ಚೆನ್ನಣ್ಣಾ, ದವಾಖಾನಿಗೆ ಒಯ್ಯಾಕ ಹತ್ತೀಯೋ, ಜಳಕಾ ಮಾಡಸಾಕ ಹತ್ತೀಯೋ?" ಚೆನ್ನಯ ಇನ್ನೊಂದು ವಾರ ಕೊಡು ಮಾರಾಯ್ತಿ ಎಂದ. ಒಂದು ವಾರ ಕಮಾನಿನ ಒಂದು ಉಕ್ಕಿನ ಪಟ್ಟಾ ತೆಗೆದ, ಇನ್ನೊಂದು ವಾರ ಕೊಂಡಿ ಉದ್ದ ಮಾಡಿದ. ಆರನೆಯ ಭಾನುವಾರ ಮುಕ್ಕಾಲು ತಂಬಿಗೆ ನೀರು ಹಾಗೇ ಉಳಿಯಿತು. ರಾಚವ್ವ ಆ ನೀರನ್ನು ಕುಡಿದು, ಇನ್ನ ಸಾಕು, ನಡೀತೈತಿ ಎಂದಳು.

ಈಗ ತಮ್ಮ ಬಳಿ ಬರುತ್ತೇನೆ. ಸೈನ್ಯದ ವರ್ಕ್‌ಶಾಪಿನಲ್ಲಿ ಒಂದು ರೂಢಿಯಿತ್ತಂತೆ. ಗಾಡಿಗೆ ಏನು ಮಾಡಿದರೂ ಕೆಲಸದ ಕಾರ್ಡಿನಲ್ಲಿ ಬರೆದು ಬಾನೆಟ್ಟಿನ ಒಳಗೆ ಕಟ್ಟಬೇಕು. ಇವತ್ತು ರಿಪೇರಿ ಮಾಡಿದವನು ನಾಳೆ ಬದುಕಿರುತ್ತಾನೋ ಇಲ್ಲವೋ, ಮುಂದೆ ಕೈ ಹಾಕುವವನು ತಡಕಾಡಬಾರದು. ಚೆನ್ನಯ ಆ ರೂಢಿ ಬಿಟ್ಟವನಲ್ಲ. ಶಾಫ್ಟು ಬರೆದ, ಕೊಳವೆ ಬರೆದ, ಟಯರು ಬರೆದ. ಹಾರ್ನಿನ ತುಂಡಾದ ತಂತಿ ಬದಲಿಸಿದ್ದನ್ನೂ ಬರೆದ. ಕಮಾನಿನ ಮುಂದೆ ಹೀಗೆ ಬರೆದ: "ಪರೀಕ್ಷಿಸಿದವರು: ರಾಚವ್ವ." ಎಲ್ಲ ಸೇರಿ ಹನ್ನೊಂದು ಸಾಲು. ತಾವು ಯಾದಿ ಕೇಳಿದಾಗ ಆ ಕಾರ್ಡನ್ನೇ ಕೊಡಬೇಡಿ, ಅದನ್ನು ನಮ್ಮ ಕುತ್ತಿಗೆಗೇ ಕಟ್ಟುತ್ತಾರೆ ಎಂದು ಸಂಘದಲ್ಲಿ ಇಬ್ಬರು ಹೇಳಿದ್ದರು. ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ, ಕೊಡೋಣ ಎಂದವನು ನಾನು. ಇಪ್ಪತ್ತು ವರ್ಷ ಚಳವಳಿಯಲ್ಲಿದ್ದು, ಎರಡು ಸರಕಾರಗಳ ಜೈಲು ನೋಡಿಯೂ ನನಗೆ ಬುದ್ಧಿ ಬಂದಿಲ್ಲ. ಈ ತಪ್ಪು ನನ್ನದು, ಚೆನ್ನಯನದಲ್ಲ.

ಮೇ ಏಳರಂದು ತಾವು ಆ ಕಾರ್ಡು ಹಿಡಿದು ಓದಿದಿರಿ. ಜೀಪಿನ ಹತ್ತಿರಕ್ಕೂ ಬರಲಿಲ್ಲ, ಕಿಟಕಿಯಿಂದ ನೋಡಿದಿರಿ. ಪ್ರತಿಯೊಂದು ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು. ಒಪ್ಪಿಗೆಯಿಲ್ಲದ ಬದಲಾವಣೆ ಒಂದು, ಎರಡು, ಮೂರು. ಕಳುವಾಗಿದ್ದ ಶಾಫ್ಟನ್ನು ತಿರುಗಿ ಕೂಡಿಸಿದ್ದೂ ಬದಲಾವಣೆ! ಜೀಪು ಹುಟ್ಟಿದಾಗಲೇ ನಾಲ್ಕು ಚಕ್ರದ್ದು ಎಂದು ಚೆನ್ನಯ ವಿನಯದಿಂದ ಹೇಳಿದ. ನೋಂದಣಿಯ ದಿನ ಹೇಗಿತ್ತೋ ಅದೇ ಅದರ ಹುಟ್ಟು ಎಂದಿರಿ ತಾವು. ಹಾರ್ನಿನ ತಂತಿ ಹನ್ನೊಂದನೆಯ ಅಪರಾಧ. ಹಾರ್ನು ಹೊಡೆಯದ ಗಾಡಿಗೆ ದಂಡ, ಹಾರ್ನು ಸರಿಮಾಡಿದ ಗಾಡಿಗೆ ಸರಪಳಿ. ಹಾಗಾದರೆ ಕಾಯಿದೆಗೆ ತಲೆಬಾಗುವ ಹಾರ್ನು ಯಾವುದು ಸ್ವಾಮಿ?

ಆಮೇಲೆ ತಾವು ಕನ್ನಡಕ ಇಳಿಸಿ ಕೇಳಿದಿರಿ, ಈ ರಾಚವ್ವ ಯಾರು, ಪರೀಕ್ಷೆ ಮಾಡಲು ಅವರ ಅರ್ಹತೆ ಏನು? ತಮ್ಮ ಕಾರಕೂನರು ನಕ್ಕರು. ಚೆನ್ನಯನಿಗೆ ಅದು ಗೇಲಿ ಎಂದು ತಿಳಿಯಲೇ ಇಲ್ಲ. ನೆಟ್ಟಗೆ ನಿಂತು ಹೇಳಿದ: "ಅವರು ಅದರಲ್ಲಿ ಮಲಗಿದ್ದಾರೆ ಸಾರ್." ಇದಕ್ಕಿಂತ ದೊಡ್ಡ ಅರ್ಹತೆ ತಮ್ಮ ಇಲಾಖೆಯಲ್ಲಿ ಯಾರಿಗಿದೆ? ಸಪಾಟಾದ ಡಾಂಬರಿನ ಅಂಗಳದಲ್ಲಿ ನಿಂತು, ನಾಲೆ ದಾಟುವ ಗಾಡಿ ಯೋಗ್ಯವೋ ಅಯೋಗ್ಯವೋ ಎಂದು ಕಾರ್ಡು ನೋಡಿ ಹೇಳುವ ತಮಗಿದೆಯೇ?

ಒಪ್ಪಿಗೆಗೆ ಮೊದಲೇ ಜೀಪು ಓಡಿಸಿದಿರಿ ಎಂಬುದು ತಮ್ಮ ಇನ್ನೊಂದು ಆರೋಪ. ಹೌದು, ಓಡಿಸಿದೆವು. ಒಂಬತ್ತು ಜನರನ್ನು ಸಾಗಿಸಿದೆವು. ಮೂವರು ಬಸುರಿಯರು, ಸಿಡಿದ ಕಲ್ಲು ಕಣ್ಣಿಗೆ ಬಡಿದ ಇಬ್ಬರು, ಕಾಲರಾ ಬಂದ ನಾಲ್ವರು. ಒಂಬತ್ತು ಜನರೂ ಬದುಕಿದ್ದಾರೆ, ಬೇಕಾದರೆ ಅವರನ್ನೂ ಹನ್ನೆರಡನೆಯ ಅಪರಾಧವೆಂದು ಬರೆದುಕೊಳ್ಳಿ. ಹೆರಿಗೆಯ ನೋವು ತಮ್ಮ ಮೊಹರಿಗೆ ಕಾಯಬೇಕೆಂದು ಯಾವ ಕಾಯಿದೆಯಲ್ಲಿದೆ?

ಹತ್ತನೆಯವನು ಶೆಟ್ಟೆಪ್ಪ. ಮೇ ಹದಿನೇಳು, ಸೋಮವಾರ, ಹನ್ನೊಂದು ಗಂಟೆ. ಜೀಪು ತಮ್ಮ ಮರದ ನೆರಳಿನಲ್ಲಿ ಸುಖವಾಗಿತ್ತು. ಕಲ್ಲಿಗೆ ಮದ್ದು ತುಂಬಿ ಸುರುಂಗ ಹಾರಿಸಿದ ಮೇಲೆ ಸಡಿಲಾಗಿ ಉಳಿದಿದ್ದ ಒಂದು ಬಂಡೆ ಜಾರಿ ಶೆಟ್ಟೆಪ್ಪನ ಬಲಗಾಲಿನ ಮೇಲೆ ಕೂತಿತು. ಎತ್ತಿ ತೆಗೆದರು, ಧೋತರ ಹರಿದು ಬಿಗಿದರು, ಬಾಜಿನ ಮೇಲೆ ಹೊತ್ತರು. ನಾಲೆಯ ಬಂಡೆಗಳ ನಡುವೆ ಹೊತ್ತವರು ಎರಡು ಸಲ ಮುಗ್ಗರಿಸಿದರು. ನಾನು ಕಾಂದಿವಲಿ ಸ್ಟೇಷನ್ನಿನಲ್ಲಿ ಕೂಡಿಕೊಂಡೆ. ಲೋಕಲಿನ ಲಗೇಜು ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ಪಕ್ಕ ಅವನನ್ನಿಟ್ಟು ದಾದರ್‌ಗೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ಪರೇಲಿನ ಆಸ್ಪತ್ರೆಗೆ. ಬಾಗಿಲು ಮುಟ್ಟುವಾಗ ನಾಲ್ಕೂವರೆ. ಡಾಕ್ಟರು ಒಳ್ಳೆಯ ಮನುಷ್ಯ, ನಮ್ಮನ್ನು ಬಯ್ಯಲಿಲ್ಲ. ಎರಡು ತಾಸು ಮೊದಲು ತಂದಿದ್ದರೆ ಕಾಲು ಉಳಿಸಲು ನೋಡಬಹುದಿತ್ತು ಎಂದಷ್ಟೇ ಹೇಳಿದರು. ಜೀಪಿದ್ದರೆ ಒಂದೂವರೆ ತಾಸಿನ ದಾರಿ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಮೊದಲಿನ ಒಂಬತ್ತು ಜನರನ್ನು ಕೇಳಿ. ಶೆಟ್ಟೆಪ್ಪನ ಕಾಲನ್ನು ಮಂಡಿಯವರೆಗೆ ಕತ್ತರಿಸಿದರು.

ಶೆಟ್ಟೆಪ್ಪ ರಾಚವ್ವನ ಗಂಡ. ಆರು ಭಾನುವಾರ ತೊಯ್ದುಕೊಂಡು ಯಾವ ಗಾಡಿಯನ್ನು ಅವಳು ಹದ ಮಾಡಿದಳೋ ಆ ಗಾಡಿ ಅವಳ ಗಂಡನಿಗೆ ದಕ್ಕಲಿಲ್ಲ.

ಮೂರು ದಿನ ಬಿಟ್ಟು ಅವಳೇ ತಮ್ಮ ಕಚೇರಿಗೆ ಬಂದಳು. ಜೊತೆಗೆ ನಾನಿದ್ದೆ. ನಡೆದದ್ದನ್ನು ಅಳದೆ, ಒಂದೊಂದಾಗಿ ಹೇಳಿದಳು. ತಾವು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿರಿ, ವಿಷಯ ಪರಿಶೀಲನೆಯಲ್ಲಿದೆ ಎಂದು. ಅಷ್ಟರಲ್ಲಿ ತಮ್ಮ ಟೆಲಿಫೋನಿನ ಗಂಟೆ ಹೊಡೆಯಿತು. ಎದುರಿನ ಉಡುಪಿ ಹೋಟೆಲಿನವರು. ತಾವು ಮೈಸೂರಿನ ಇಂಪಾದ ಕನ್ನಡದಲ್ಲಿ, ಎರಡು ಕಾಫಿ ಕಳಿಸಿ, ಡಿಕಾಕ್ಷನ್ ಸ್ವಲ್ಪ ಗಟ್ಟಿ ಇರಲಿ ಎಂದಿರಿ. ಫೋನು ಇಟ್ಟ ಮೇಲೆ ರಾಚವ್ವ ಕೇಳಿದಳು:

"ಸಾಹೇಬ್ರ, ಕಾಫಿ ಹೇಳೂ ಮುಂದ ಕನ್ನಡ ಬರ್ತೈತಿ, ನನಗ ಹೇಳೂ ಮುಂದ ಬರಂಗಿಲ್ಲೇನ್ರಿ?"

ತಾವು ಫೈಲು ಮುಚ್ಚಿದಿರಿ. ಜವಾನ ಬಂದು ನಮ್ಮನ್ನು ಹೊರಗೆ ಕಳಿಸಿದ. ಅದಕ್ಕಾಗಿಯೇ ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯದೆ, ತಮಗೆ ತಿಳಿಯುವ ಭಾಷೆಯಲ್ಲಿ, ಕನ್ನಡದ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಆ ಹೋಟೆಲಿನ ಗಲ್ಲೆಯ ಮೇಲೂ ಈ ಪತ್ರಿಕೆ ಬಿದ್ದಿರುತ್ತದೆ. ಕಾಫಿ ತರುವವರು ಓದಿಕೊಂಡೇ ಬರುತ್ತಾರೆ.

ತಮ್ಮ ವಾದ ನನಗೆ ಗೊತ್ತು. ಕಂಡಕಂಡವರು ಗಾಡಿಯ ಕಮಾನು ತೆಗೆದು ರಸ್ತೆಗೆ ಬಿಟ್ಟರೆ ಜನ ಸಾಯುತ್ತಾರೆ, ಅದಕ್ಕೇ ಪರೀಕ್ಷೆ. ಒಪ್ಪಿದೆ. ಪರೀಕ್ಷೆ ಬೇಡ ಎಂದವರು ಯಾರು? ನಾಲ್ಕು ತಿಂಗಳಿಂದ ಪರೀಕ್ಷೆ ಮಾಡಿ ಮಾಡಿ ಎಂದು ತಮ್ಮ ಬಾಗಿಲು ತಟ್ಟಿದವರು ನಾವೇ ಅಲ್ಲವೇ? ಕಳ್ಳ ಗಾಡಿ ಓಡಿಸುವವನು ತಾನು ಬದಲಾಯಿಸಿದ ಪ್ರತಿ ಸ್ಕ್ರೂವಿನ ಯಾದಿ ತಂದು ಅಧಿಕಾರಿಯ ಮೇಜಿನ ಮೇಲಿಡುತ್ತಾನೆಯೇ? ಸುಳ್ಳು ಬರೆದಿದ್ದರೆ ಜೀಪು ಇಂದು ಗುಡ್ಡದಲ್ಲಿರುತ್ತಿತ್ತು. ನಿಜ ಬರೆದ ತಪ್ಪಿಗೆ ಮರದ ಕೆಳಗಿದೆ. ಇದರಿಂದ ಈ ನಗರದ ಮೆಕ್ಯಾನಿಕ್ಕುಗಳು ಏನು ಕಲಿಯಬೇಕೆಂದು ತಮ್ಮ ಇಚ್ಛೆ? ಚೆನ್ನಯ ಕಳೆದ ಭಾನುವಾರ ನನ್ನನ್ನು ಕೇಳಿದ, ಇನ್ನು ಕಾರ್ಡು ಬರೆಯಬೇಕಾ ಬೇಡವಾ ಮಾರಾಯ್ರೇ ಎಂದು. ತಾವೇ ಹೇಳಿ.

ಮೊನ್ನೆ ಪರೇಲಿಗೆ ಹೋಗಿದ್ದೆ. ಜೂನ್ ಏಳಕ್ಕೆ ಶೆಟ್ಟೆಪ್ಪನನ್ನು ಮನೆಗೆ ಕಳಿಸುತ್ತಾರಂತೆ. ಅವನು ಕಾಲಿನ ಮಾತೇ ಎತ್ತಲಿಲ್ಲ. ಗಾಡಿ ಬಿಟ್ಟರೇನ್ರಿ ಎಂದು ಕೇಳಿದ. ಇಲ್ಲ ಎಂದೆ. ಅವನು ಮತ್ತೆ ಕೇಳಿದ: "ಮಳೀ ಬಂದ್ರ ನಾ ಮನಿಗೆ ಹೆಂಗ ಹೋಗ್ಲಿ, ಅಣ್ಣಾರ?"

ಒಂದು ಕಾಲಿನವನು ಆ ಬಂಡೆಗಳನ್ನು ಹತ್ತಿಳಿಯಲಾರ. ನೀರು ಬಂದರೆ ನಾಲ್ಕು ಜನ ಹೊತ್ತರೂ ದಾಟಿಸಲಾರರು. ಆಕಾಶ ಈಗಾಗಲೇ ಮಬ್ಬಾಗಿದೆ. ಜೂನ್ ಎರಡನೆಯ ವಾರ ದಾಟಿದರೆ ನಾಲ್ಕು ತಿಂಗಳು ಅವನು ನಾಲೆಯ ಈಚೆ, ಹೆಂಡತಿ ಮಕ್ಕಳು ಆಚೆ.

ಆದ್ದರಿಂದ ನಮ್ಮ ಬೇಡಿಕೆ ಇದು, ವಿನಂತಿಯಲ್ಲ. ಜೂನ್ ಆರರ ಒಳಗೆ ತಾವು ಕಾಳಾಖಡಕಕ್ಕೆ ಬನ್ನಿ. ತಮ್ಮ ಡ್ರೈವರೇ ಜೀಪು ಓಡಿಸಲಿ, ತಾವು ಸ್ಟ್ರೆಚರಿನಲ್ಲಿ ಮಲಗಿ ನಾಲೆ ದಾಟಿ. ಕುಂದು ಕಂಡರೆ ಅಲ್ಲೇ ಬರೆಯಿರಿ, ಚೆನ್ನಯ ಅಲ್ಲೇ ಸರಿಮಾಡುತ್ತಾನೆ, ಸರಿಮಾಡಿದ್ದನ್ನು ಕಾರ್ಡಿನಲ್ಲೂ ಬರೆಯುತ್ತಾನೆ. ಕುಂದಿಲ್ಲದಿದ್ದರೆ ಅಲ್ಲೇ ಮೊಹರು ಒತ್ತಿ. ಬರಲು ಪುರಸೊತ್ತಿಲ್ಲವೆಂದರೆ ಸರಪಳಿ ಬಿಚ್ಚಿ. ಎರಡರಲ್ಲಿ ಒಂದಾಗಬೇಕು. ಮೂರನೆಯದಾದ ಪರಿಶೀಲನೆಗೆ ಶೆಟ್ಟೆಪ್ಪನ ಒಂದು ಕಾಲು ಕೊಟ್ಟಾಗಿದೆ.

ಇಂತಿ,
ನಿಜ ಬರೆದುಕೊಟ್ಟರೆ ಕೆಲಸವಾಗುತ್ತದೆಂದು ನಂಬಿ ಗೆಳೆಯನ ಕಾರ್ಡನ್ನು ತಮ್ಮ ಕೈಗಿತ್ತ ದಡ್ಡ,
ರಮಾನಾಥ
ಕಾರ್ಯದರ್ಶಿ, ಕಲ್ಲುಕೆಲಸಗಾರರ ಸಂಘ, ಕಾಳಾಖಡಕ, ಕಾಂದಿವಲಿ

ಸಂಘದ ಸದಸ್ಯರಿಗೆ ಸೂಚನೆ: ಜೂನ್ ಆರರೊಳಗೆ ಜೀಪು ಬಾರದಿದ್ದರೆ ಮುಂದಿನ ಸಭೆ ಇದೇ ಅಧಿಕಾರಿಗಳ ಅಂಗಳದಲ್ಲಿ. ಎಪ್ಪತ್ತೆರಡು ಮನೆಯವರೂ ಬರಬೇಕು, ಬುತ್ತಿ ಕಟ್ಟಿಕೊಂಡೇ ಬರಬೇಕು. ಶೆಟ್ಟೆಪ್ಪ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದು ಜೀಪಿನ ಸ್ಟ್ರೆಚರಿನಲ್ಲಿ ಮಲಗುತ್ತಾನೆ. ಜೀಪು ಹೊರಟಾಗ ಅವನೂ ಹೊರಡುತ್ತಾನೆ, ಅಲ್ಲಿಯವರೆಗೆ ಏಳುವುದಿಲ್ಲ. ಜೂನ್ ಏಳು, ಸೋಮವಾರ, ಬೆಳಿಗ್ಗೆ ಹತ್ತೂವರೆ.